ರಾಯರಿಗೆ ‘ಲೋ’ ಆದ ಮರುದಿನ

ನಮ್ಮ ರಾಯರನ್ನು ಎಪ್ಪತ್ತೆರಡು ವರ್ಷದಲ್ಲಿ ಯಾರೂ ‘ಲೋ’ ಅಂದವರಿಲ್ಲ. ಹೈಸ್ಕೂಲಿನಲ್ಲಿ ಮೇಷ್ಟ್ರೊಬ್ಬರು ‘ಎಲವೋ’ ಅಂದಿದ್ದರಂತೆ, ಅದನ್ನೇ ಇನ್ನೂ ಮರೆತಿಲ್ಲ. ಅಂಥವರು ಬೆಳ್ಳಂಬೆಳಗ್ಗೆ ಗೇಟು ಹಿಡಿದು ನಿಂತು, “ರಾತ್ರಿ ನನಗೆ ಲೋ ಆಗೋಯ್ತು ಕಣಯ್ಯಾ” ಅಂದರೆ ನಾನೇನು ತಿಳಿಯಲಿ? “ಯಾರು ರಾಯರೇ ಹಾಗಂದಿದ್ದು?” ಅಂತ ಕೇಳಿಬಿಟ್ಟೆ.

“ಯಾರೂ ಅನ್ಲಿಲ್ಲ. ಐವತ್ತೆರಡು.”

ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ‘ಲೋ’. 54ಕ್ಕಿಂತ ಕೆಳಗಿಳಿದರೆ ತಮಾಷೆಯಲ್ಲ. ರಾಯರು ಆ 52ನ್ನು ಹೇಳಿದ ಧಾಟಿ ಮಾತ್ರ ಮೊಮ್ಮಗನ ರ‍್ಯಾಂಕು ಹೇಳಿದ ಹಾಗಿತ್ತು.

ಉಪ್ಪಾರಪೇಟೆ ಅಂದರೆ ಹೊರಗಿನವರಿಗೆ ಪೊಲೀಸ್ ಠಾಣೆ, ಲಾಡ್ಜು, ರಾತ್ರಿ ಬಸ್ಸಿನ ಟಿಕೆಟ್ಟು, ಚಕ್ರದ ಸೂಟ್‌ಕೇಸು. ಎರಡು ಲಾಡ್ಜುಗಳ ನಡುವೆ ಉಸಿರು ಬಿಗಿ ಹಿಡಿದುಕೊಂಡಿರುವ ಹಳೇ ಹೆಂಚಿನ ಮನೆಯೊಂದು ಇನ್ನೂ ಉಳಿದಿದ್ದರೆ, ಅದರ ಜಗಲಿಯ ಮೇಲೆ ಇಂಥ ರಾಯರೊಬ್ಬರು ಕೂತಿರುತ್ತಾರೆ. ಚೌಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಉಪ್ಪಾರರ ಹೆಸರಿನ ಪೇಟೆಯಲ್ಲಿ ತಮಗೆ ಸಕ್ಕರೆ ಕಾಟ ಅನ್ನುವುದು ಅವರ ಖಾಯಂ ಜೋಕು. ನೂರು ಸಲ ಕೇಳಿದ್ದೇನೆ. ನೂರೊಂದನೇ ಸಲವೂ ಅವರಿಗೆ ಅದು ಹೊಸದು.

ಆ ರಾತ್ರಿಯ ಅಪರಾಧಿ ಏಕಾದಶಿ. ಬೆಳಗ್ಗೆ ರಾಯರು ಯಥಾಪ್ರಕಾರ ಗ್ಲಿಮೆಪಿರೈಡ್ ನುಂಗಿ, ಯಥಾಪ್ರಕಾರ ಊಟ ಬಿಟ್ಟರು. ಊಟ ಬರಲಿ, ಬಾರದಿರಲಿ, ಮೇದೋಜೀರಕ ಗ್ರಂಥಿಯನ್ನು ತಿವಿದು ಇನ್ಸುಲಿನ್ ಸುರಿಸುವ ಮಾತ್ರೆ ಅದು. ಮಾತ್ರೆಗೆಲ್ಲಿಯ ಏಕಾದಶಿ?

ಮೂರು ಗಂಟೆಗೆ ಮನೆಯಾಕೆಗೆ ಎಚ್ಚರವಾದಾಗ ರಾಯರು ಮಂಚದ ತುದಿಯಲ್ಲಿ ಕೂತು, ಒದ್ದೆ ಬನಿಯನ್ ಮೇಲೆ ಅಂಗಿ ಹಾಕಿಕೊಂಡು, ಮೂರನೇ ಗುಂಡಿಯನ್ನು ಮೊದಲನೇ ಕಾಜಾಕ್ಕೆ ತೂರಿಸುತ್ತಿದ್ದರಂತೆ. “ಬಾಗಿಲು ತೆಗಿ, ಬ್ಯಾಂಕಿಗೆ ಹೊತ್ತಾಯ್ತು.” ರಿಟೈರಾಗಿ ಹನ್ನೆರಡು ವರ್ಷ! ಆಕೆ ಮಾತಿಗೆ ನಿಲ್ಲದೆ ಬೆರಳು ಚುಚ್ಚಿ ನೋಡಿದರು. ಮೂರು ಚಮಚ ಗ್ಲೂಕೋಸನ್ನು ಲೋಟದಲ್ಲಿ ಕಲಸಿ ತಂದರು. ಬ್ಯಾಂಕು ತೆರೆದಿದೆ ಅಂತ ನಂಬಿದ್ದ ಅದೇ ತಲೆಗೆ ಪಂಚಾಂಗ ಮಾತ್ರ ಸ್ಪಷ್ಟವಾಗಿ ನೆನಪಿತ್ತು: “ಪಾರಣೆಗೆ ಇನ್ನೂ ಮೂರು ಗಂಟೆ ಇದೆಯಲ್ಲೇ!”

“ಔಷಧಕ್ಕೆ ದೋಷ ಇಲ್ಲ. ಸುಮ್ನೆ ಕುಡೀರಿ.”

ಹದಿನೈದು ಗ್ರಾಂ, ಹದಿನೈದು ನಿಮಿಷ, ಮತ್ತೆ ಬೆರಳು. 66. ಇನ್ನೊಂದು ಲೋಟ, ಇನ್ನೊಂದು ಕಾಲು ಗಂಟೆ. 104. ಅಲ್ಲಿಗೆ ಮುಗಿಯಿತು ಅಂತ ಮೀಟರು ಹೇಳಿತು. ರಾಯರು ಒಪ್ಪಲಿಲ್ಲ.

(ಗ್ಲೂಕೋಸು ಈ ಮನೆಗೆ ಬಂದದ್ದಕ್ಕೂ ಒಂದು ಕಥೆಯಿದೆ. ಹಿಂದೊಮ್ಮೆ ಲೋ ಆದಾಗ ರಾಯರು ಔಷಧಿಯೆಂದು ನಾಲ್ಕು ತುಂಡು ಮೈಸೂರುಪಾಕು ತಿಂದು, ಇಳಿದದ್ದು ಏರಲಿಲ್ಲವೆಂದು ಐದನೆಯದಕ್ಕೆ ಕೈ ಹಾಕಿದ್ದರು. ತುಪ್ಪ ಸಕ್ಕರೆಯ ಕಾಲು ಹಿಡಿದೆಳೆಯುತ್ತದೆ. ಸಾಲದ್ದಕ್ಕೆ ಅವರು ಊಟಕ್ಕೆ ಮುಂಚೆ ತೆಗೆದುಕೊಳ್ಳುವ ವೋಗ್ಲಿಬೋಸು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡಮಾಡುತ್ತದೆ. ಒಡೆಯುವ ಕೆಲಸವೇ ಇಲ್ಲದ ಗ್ಲೂಕೋಸೇ ಆಗಬೇಕು ಅಂದರು ಡಾಕ್ಟರು. ಅಷ್ಟು ಹೊತ್ತಿಗೆ ಸಕ್ಕರೆ 318ಕ್ಕೆ ಹತ್ತಿತ್ತು. “ಮೈಸೂರುಪಾಕು ಕೆಲಸಕ್ಕೆ ಬರಲ್ಲ ಅನ್ನೋ ಕಾಲ ಬಂತಲ್ಲಯ್ಯಾ” ಅಂತ ರಾಯರು ಒಂದು ವಾರ ಕೊರಗಿದರು.)

ರಾಯರ ನಿಜವಾದ ಪ್ರತಿಭೆ ಅರಳುವುದು ಮರುದಿನ. ತಲೆ ಹೇಗಿರುತ್ತದೆ ಅಂತ ಕೇಳಿದರೆ, “ಮದುವೆ ಮುಗಿದ ಛತ್ರ ಕಣಯ್ಯಾ. ಎಲೆ ಎತ್ತಿಲ್ಲ, ಜಮಖಾನ ಸುತ್ತಿಲ್ಲ, ಯಾರೋ ಯಾರನ್ನೋ ಕೂಗ್ತಾ ಇದಾರೆ” ಅನ್ನುತ್ತಾರೆ. ಇದು ಸರಿ. ಆದರೆ ಆ ಛತ್ರದ ಬಾಡಿಗೆಯನ್ನು ಅವರು ಊರಿಗೆಲ್ಲ ಹಂಚುತ್ತಾರೆ. ಪೇಪರ್ ಹುಡುಗನಿಗೆ ಬೈದದ್ದು ಲೋ. ಸಾರಿಗೆ ಉಪ್ಪಿಲ್ಲವೆಂದು ತಟ್ಟೆ ನೂಕಿದ್ದು ಲೋ. ಸೊಸೆಯ ಅಣ್ಣನ ಗೃಹಪ್ರವೇಶಕ್ಕೆ ಹೋಗದಿದ್ದದ್ದೂ ಲೋ. ಗೃಹಪ್ರವೇಶ ಆಗಿದ್ದು ಲೋ ಆಗುವ ನಾಲ್ಕು ದಿನ ಮುಂಚೆ. ಬೈಟು ಕಾಫಿ ಕುಡಿದು ಬಿಲ್ಲು ಬಂದಾಗ ಕಣ್ಣು ಮುಚ್ಚಿ ಹಣೆ ಒತ್ತಿಕೊಳ್ಳುತ್ತಾರೆ: “ಇವತ್ತು ಲೆಕ್ಕ ಬೇಡ ಕಣಯ್ಯಾ.” ಆ ತಿಂಗಳಲ್ಲಿ ಎರಡೂ ಏಕಾದಶಿಯ ಮರುದಿನದ ಕಾಫಿ ನನ್ನದು.

ತುಳಸಿ ತೋಟದ ಕಲ್ಲು ಬೆಂಚಿನ ಮೇಲೆ ಸಂಜೆ ಸೇರುವ ಸಕ್ಕರೆ ಸಭೆಯಲ್ಲೂ ಮೇಲುಕೀಳುಂಟು. ಇನ್ಸುಲಿನ್ ಚುಚ್ಚಿಕೊಳ್ಳುವವರು ಪೀಠಾಧಿಪತಿಗಳು. ಬರೀ ಮೆಟ್‌ಫಾರ್ಮಿನ್ನಿನವರು ಶಿಶುವಿಹಾರ. ಅದೊಂದರಿಂದಲೇ ಲೋ ಆಗುವುದು ಅಪರೂಪವಾದ್ದರಿಂದ ಅವರ ಬಳಿ ಹೇಳಿಕೊಳ್ಳುವ ಕಥೆಗಳೇ ಇಲ್ಲ. ಐವತ್ತೆರಡರ ಮರುದಿನ ರಾಯರಿಗೆ ಬೆಂಚಿನ ನಡುಮಧ್ಯೆ ಜಾಗ.

ನಾನೂ ಇದೆಲ್ಲ ನಾಟಕವೆಂದೇ ತಿಳಿದಿದ್ದೆ. ಆದರೆ ಅವತ್ತು ಹನ್ನೊಂದರ ಸುಮಾರಿಗೆ ಬಳೇಪೇಟೆ ಸರ್ಕಲ್ಲಿನ ಅಂಗಡಿಯಲ್ಲಿ ರಾಯರು ಊದುಬತ್ತಿ ಕೊಂಡರು. ಅಂಗಡಿಯವನು ಚಿಲ್ಲರೆ ಕೊಟ್ಟ: ಎರಡು ಇಪ್ಪತ್ತರ ನೋಟು, ಒಂದು ಐದರ ಬಿಲ್ಲೆ. ರಾಯರು ಅಂಗೈ ನೋಡಿಕೊಂಡು ನಿಂತರು. ಬಿಲ್ಲೆಯನ್ನು ನೋಟಿನ ಕೆಳಗಿಟ್ಟರು, ಮೇಲಿಟ್ಟರು, ಮತ್ತೆ ಕೆಳಗಿಟ್ಟರು. ಮೂವತ್ತನಾಲ್ಕು ವರ್ಷ ಕ್ಯಾಷ್ ಕೌಂಟರಿನಲ್ಲಿ ಕೂತು, ಕಂತೆ ಕಂತೆ ನೋಟನ್ನು ಮಾತಾಡುತ್ತಲೇ ಎಣಿಸಿದ ಬೆರಳುಗಳು ಅವು. “ಸರಿ ಇದೆಯೇನಯ್ಯಾ?” ಅಂತ ನನ್ನನ್ನು ಕೇಳಿದರು. ಹಿಂದೆ ಯಾರೂ ನೋಡುತ್ತಿರಲಿಲ್ಲ. ಸಭಿಕರಿಲ್ಲದ ಕಡೆ ರಾಯರು ನಾಟಕ ಆಡುವವರಲ್ಲ. ಸರಿ ಇದೆ ಅಂದೆ.

ಮಿದುಳು ನಮ್ಮ ದೇಹದ ದೊಡ್ಡ ಗ್ಲೂಕೋಸ್ ಗಿರಾಕಿ, ದಿನಕ್ಕೆ ನೂರು ಗ್ರಾಂ ಮೀರಿ ಬೇಕು ಅದಕ್ಕೆ. ಸರಬರಾಜು ಮತ್ತೆ ಶುರುವಾದ ಮೇಲೂ ಸುಸ್ತು, ತಲೆನೋವು, ಸಿಡುಕು ಗಂಟೆಗಟ್ಟಲೆ ಉಳಿಯಬಹುದು. ಇನ್ನೊಂದು ಸಂಗತಿ ನನಗೆ ನಗು ತರಿಸಲಿಲ್ಲ. ಒಮ್ಮೆ ಲೋ ಆದರೆ ಮುಂದಿನ ಲೋಗೆ ನಡುಕ, ಬೆವರಿನ ಮುನ್ಸೂಚನೆ ಒಂದೆರಡು ದಿನ ಮಂದವಾಗುತ್ತದಂತೆ. ರಾತ್ರಿಯೆಲ್ಲ ಬೊಗಳಿದ ಬೀದಿನಾಯಿ ಹಗಲು ಕಳ್ಳ ಬಂದರೂ ಮಲಗಿರುವ ಹಾಗೆ. ಅದಕ್ಕೇ ಮರುದಿನ ನಾನು ರಾಯರ ಜೊತೆಗೇ ತಿರುಗುತ್ತೇನೆ. ಕಾಫಿಯ ದುಡ್ಡು ಕೊಡುತ್ತೇನೆ, ಜೇಬಿನಲ್ಲಿ ಗ್ಲೂಕೋಸಿನ ಪೊಟ್ಟಣ ಇಟ್ಟುಕೊಂಡಿರುತ್ತೇನೆ.

ಡಾಕ್ಟರು ಈಗ ಏಕಾದಶಿಗೆ ಬೇರೆ ಚೀಟಿ ಬರೆದುಕೊಟ್ಟಿದ್ದಾರೆ. ಮನೆಯಾಕೆ ಅದನ್ನು ದೇವರಮನೆಯಲ್ಲಿ ಪಂಚಾಂಗದ ಪಕ್ಕದಲ್ಲೇ ಮೊಳೆಗೆ ಸಿಕ್ಕಿಸಿದ್ದಾರೆ. ಉಪವಾಸ ಮಾಡುವವರು ಹಿಂದಿನ ದಿನವೇ ಮಾತ್ರೆಯ ವಿಷಯ ಕೇಳಿಟ್ಟುಕೊಳ್ಳಿ.

ಅವತ್ತು ಬಳೇಪೇಟೆಯಿಂದ ಬರುವಾಗ ಹುಬ್ಬಳ್ಳಿ ಕಡೆಯವರೊಬ್ಬರು ಬ್ಯಾಗು ಹೊತ್ತು ರಾಯರನ್ನು ಲಾಡ್ಜಿನ ದಾರಿ ಕೇಳಿದರು. “ನೆಟ್ಟಗೆ ಹೋಗಿ, ಕಪಾಲಿ ಥಿಯೇಟರ್ ಸಿಗುತ್ತೆ, ಅದರ ಎದುರಿಗೇ” ಅಂದರು ರಾಯರು, ಖಚಿತವಾಗಿ. ಕಪಾಲಿ ಕೆಡವಿ ಎಷ್ಟೋ ವರ್ಷವಾಯಿತು. ನಾನು ಓಡಿಹೋಗಿ ಅವರನ್ನು ಹಿಡಿಯಬೇಕಾಯಿತು. ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿಯುವವರಲ್ಲಿ ಒಂದು ವಿನಂತಿ: ದ್ವಾದಶಿಯ ದಿನ ಉಪ್ಪಾರಪೇಟೆಯಲ್ಲಿ ಪಂಚೆಯುಟ್ಟ ಹಿರಿಯರನ್ನು ದಾರಿ ಕೇಳಬೇಡಿ. ಅವರ ಪಕ್ಕದಲ್ಲಿರುವವರನ್ನು ಕೇಳಿ.