ಬೊಂಬಾಟ್‌ನ ಜಾತಕ

ಭಾನುವಾರ ಬೆಳಿಗ್ಗೆ ಮಸಾಲೆ ದೋಸೆಯ ಗರಿಗರಿ ತುದಿ ಮುರಿದು ಬಾಯಿಗಿಟ್ಟ ಭಾವ ಕಣ್ಣು ಮುಚ್ಚಿ ‘ಬೊಂಬಾಟ್!’ ಎಂದರು. ಮೂರನೇ ಕ್ಲಾಸಿನ ಮಗಳು ‘ಅದು ಎಲ್ಲಿಂದ ಬಂತು?’ ಅಂದಳು. ಮುಗೀತು. ಚಟ್ನಿ ಒಣಗಿತು.

‘ಬಾಂಬಿನಿಂದ. ಕೇಳಿದರೇ ಗೊತ್ತಾಗಲ್ವಾ?’ ಎಂದರು ಭಾವ. ‘ಬೊಂಬೆಯಾಟ ಕಣೋ, ಬಾಯಲ್ಲಿ ಸವೆದು ಹೀಗಾಗಿದೆ’ ಅಂದರು ಅತ್ತೆ. ಅವರ ತವರು ಚನ್ನಪಟ್ಟಣ. ಜಗತ್ತಿನ ಸಕಲವೂ ಬೊಂಬೆಯಿಂದಲೇ. ನಾನು ಅಟ್ಟದಿಂದ 1894ರ ಕಿಟೆಲ್ ನಿಘಂಟಿನ ಮರುಮುದ್ರಣ ಇಳಿಸಿದೆ. ನಾಲ್ಕು ಸೀನು ಬಂತು.

‘ಸಕ್ಕತ್’ ಆಗಿದ್ದರೆ ಪಾರಸಿಯ ‘ಸಖ್ತ್’, ಅಂದರೆ ಗಟ್ಟಿ ಎಂದು ಕೈತೊಳೆದುಕೊಳ್ಳಬಹುದಿತ್ತು. (ಗಟ್ಟಿಯಾದದ್ದೆಲ್ಲ ಚೆನ್ನ ಎನ್ನುವವರು ನಮ್ಮತ್ತೆಯ ಚಕ್ಕುಲಿ ಕಡಿದಿಲ್ಲ.) ಬೊಂಬಾಟ್‌ಗಾದರೋ ಅಪ್ಪಂದಿರು ಬೇಕಾದಷ್ಟು, ಜನನ ಪತ್ರ ಮಾತ್ರ ಇಲ್ಲ. ಗಣೇಶ್ ನಟಿಸಿದ ‘ಬೊಂಬಾಟ್’ 2008ರಲ್ಲಿ ತೆರೆಗೆ ಬಂದಾಗ ನಾವ್ಯಾರೂ ಪೋಸ್ಟರ್ ಮುಂದೆ ನಿಂತು ವ್ಯುತ್ಪತ್ತಿ ಕೇಳಲಿಲ್ಲ.

ಕೊನೆಗೆ ನನ್ನದೇ ಸಿದ್ಧಾಂತ ಹೊಳೆಯಿತು: ಬೊಂಬು ಏರಿ ಆಡುವ ಆಟ, ಬೊಂಬಾಟ! ಗಂಟಲು ಸರಿಮಾಡಿಕೊಂಡು ಮಂಡಿಸಿದೆ. ಸಭೆ ಮೌನ. ತಟ್ಟೆ ನೋಡಿದರೆ ನನ್ನ ದೋಸೆಯೂ ಇಲ್ಲ. ಮಗಳು ಬೆರಳು ನೆಕ್ಕುತ್ತಿದ್ದಳು.