ಶಾಖಾಮೃಗ

ನನ್ನ ಚಿಕ್ಕಮ್ಮನ ಮಗ ಡಾಕ್ಟರು. ಹೆಸರು ಹೇಳುವುದಿಲ್ಲ, ಕೌನ್ಸೆಲಿಂಗ್ ಇನ್ನೂ ಒಂದು ರೌಂಡ್ ಬಾಕಿ ಇದ್ದರೂ ಇರಬಹುದು. ಮದುವೆಮನೆಯಲ್ಲಿ ಯಾರಾದರೂ "ಪಿಜಿ ಯಾವುದರಲ್ಲಪ್ಪಾ?" ಎಂದು ಕೇಳಿದರೆ ಉಳಿದ ಡಾಕ್ಟರುಗಳು ಬ್ರಾಂಚಿನ ಹೆಸರು ಹೇಳಿ ಹೋಳಿಗೆ ಕಡೆ ತಿರುಗುತ್ತಾರೆ. ಇವನು ಮಾತ್ರ "ಸದ್ಯಕ್ಕೆ..." ಎಂದು ಶುರು ಮಾಡುತ್ತಾನೆ. ಅಷ್ಟರಲ್ಲಿ ಮಜ್ಜಿಗೆ ಬಂದಿರುತ್ತದೆ.

ಇಂಥವರು ಈಗ ಎಲ್ಲ ಮೆಡಿಕಲ್ ಕಾಲೇಜಿನ ಹಾಸ್ಟೆಲುಗಳಲ್ಲೂ ಇದ್ದಾರೆ. ಗುರುತು ಹಿಡಿಯುವುದು ಸುಲಭ. ರೂಮಿನಲ್ಲಿ ಸೂಟ್‌ಕೇಸು ಪೂರ್ತಿ ಬಿಚ್ಚಿರುವುದಿಲ್ಲ. ಥೀಸಿಸ್ ವಿಷಯ ಕೇಳಿದರೆ ಗೈಡ್ ಊರಲ್ಲಿಲ್ಲ ಎನ್ನುತ್ತಾರೆ. ಏಪ್ರನ್ ಜೇಬಿನ ಫೋನಿನಲ್ಲಿ ಮಾತ್ರ ಎಂಬಿಬಿಎಸ್‌ನ 19 ಸಬ್ಜೆಕ್ಟುಗಳ ಪ್ರಶ್ನೆಗಳೂ ಸದಾ ತೆರೆದೇ ಇರುತ್ತವೆ.

ನಮ್ಮವನು 2022ರಲ್ಲಿ ಸರ್ಜರಿ ತೆಗೆದುಕೊಂಡ. ಚಿಕ್ಕಮ್ಮ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಸರ್ಜರಿಯಲ್ಲಿ ಫಸ್ಟ್ ಇಯರ್‌ನವರ ಕೈಗೆ ಚಾಕು ಬರುವುದಿಲ್ಲ, ರಿಟ್ರಾಕ್ಟರ್ ಬರುತ್ತದೆ. ಹೊಟ್ಟೆ ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ಉಕ್ಕಿನ ಕೊಕ್ಕೆ ಅದು. ಕೊಯ್ಯುವವರು ಕೊಯ್ಯುತ್ತಾರೆ, ಇವನು ಹಿಡಿದು ನಿಲ್ಲಬೇಕು. ಹೀಗೆ ನಿಂತಿದ್ದ ಒಂದು ಮಧ್ಯಾಹ್ನ, ಓಟಿ ಲೈಟಿನ ಕೆಳಗೆ, ಅವನಿಗೆ ಜ್ಞಾನೋದಯವಾಯಿತು. ರಾತ್ರಿ ಫೋನ್ ಮಾಡಿ ಹೇಳಿದ: "ಅಕ್ಕಾ, ಇಡೀ ಓಟಿಯಲ್ಲಿ ಕೂತಿದ್ದವರು ಒಬ್ಬರೇ. ಪೇಷೆಂಟಿನ ತಲೆ ಹತ್ತಿರ, ಸ್ಟೂಲ್ ಮೇಲೆ. ಅನಸ್ತೇಶಿಯಾದವರು!"

ಮೂರು ವರ್ಷದ ಕೋರ್ಸನ್ನು ನಡುವೆ ಬಿಡುವುದು ಬಾಡಿಗೆಮನೆ ಖಾಲಿ ಮಾಡಿದಷ್ಟು ಸಲೀಸಲ್ಲ. ಬಾಂಡ್ ಪ್ರಕಾರ ಲಕ್ಷಗಟ್ಟಲೆ ಕಟ್ಟಬೇಕು, ಕಟ್ಟುವವರೆಗೆ ಒರಿಜಿನಲ್ ಮಾರ್ಕ್ಸ್‌ಕಾರ್ಡುಗಳು ಕಾಲೇಜಿನ ಬೀರು ಬಿಟ್ಟು ಕದಲುವುದಿಲ್ಲ. ಚಿಕ್ಕಪ್ಪ ಎಫ್‌ಡಿ ಮುರಿಸಿದರು. ಮುಂದೆ 2024ರ ಜನವರಿಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಈ ದಂಡವನ್ನು ಕೈಬಿಡಿ, ಬೇಕಾದರೆ ಸೀಟು ಬಿಟ್ಟವರಿಗೆ ನಿಮ್ಮಲ್ಲಿ ಒಂದು ವರ್ಷ ಪ್ರವೇಶ ಕೊಡಬೇಡಿ ಎಂದು ರಾಜ್ಯಗಳಿಗೆ ಬರೆಯಿತು. ಚಿಕ್ಕಪ್ಪ ಅವತ್ತಿನ ಪೇಪರನ್ನು ಮಗನ ಕಣ್ಣಿಗೆ ಬೀಳದಂತೆ ಹಾಸಿಗೆ ಕೆಳಗೆ ಬಚ್ಚಿಟ್ಟರು.

ಅನಸ್ತೇಶಿಯಾದಲ್ಲಿ ಸ್ಟೂಲೇನೋ ಸಿಕ್ಕಿತು, ಕೂರಲು ಪುರುಸೊತ್ತು ಸಿಗಲಿಲ್ಲ. ಸರ್ಜರಿಯಲ್ಲಿದ್ದಾಗ ಸರ್ಜರಿಯವರ ಎಮರ್ಜೆನ್ಸಿಗೆ ಮಾತ್ರ ಏಳಬೇಕಿತ್ತು. ಈಗ ಅಪೆಂಡಿಕ್ಸ್ ಒಡೆದರೂ ಇವನೇ, ಬೈಕಿನಿಂದ ಬಿದ್ದವರ ತೊಡೆ ಮುರಿದರೂ ಇವನೇ, ನಡುರಾತ್ರಿ ಸಿಸೇರಿಯನ್ ಆದರೂ ಇವನೇ. ನಿದ್ದೆ ಬರಿಸುವುದೇ ಕಸುಬಾದವನಿಗೆ ನಿದ್ದೆಯಿಲ್ಲ.

ಆದರೆ ಹೇಳಲೇಬೇಕಾದ ಮಾತೊಂದಿದೆ: ಇವನು ಕೆಲಸದಲ್ಲಿ ಒಳ್ಳೆಯವನು. ನನ್ನ ಎರಡನೇ ಹೆರಿಗೆ ಸಿಸೇರಿಯನ್, ಬೆನ್ನಿಗೆ ಸೂಜಿ ಹಾಕಿದ್ದು ಇವನೇ, ಎಚ್‌ಓಡಿ ಪಕ್ಕದಲ್ಲಿ ನಿಂತಿದ್ದರು. "ಅಕ್ಕಾ, ಬೆಕ್ಕಿನ ಹಾಗೆ ಬೆನ್ನು ಬಗ್ಗಿಸು" ಎಂದ. ಬೆನ್ನುಮೂಳೆಯ ಗೆಣ್ಣುಗಳನ್ನು ಹೆಬ್ಬೆರಳಲ್ಲಿ ಒಂದೊಂದಾಗಿ ಎಣಿಸಿದ. ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ "ನೀರು ಬಂತು, ಮುಗೀತು" ಎಂದ. ಕಾಲುಗಳು ಬಿಸಿಯಾಗಿ, ಭಾರವಾಗಿ, ಆಮೇಲೆ ನನ್ನವಲ್ಲದೆ ಹೋದವು. ಮಗು ಅತ್ತಿತು. ಆ ಕಡೆ ಹೊಲಿಗೆ ಹಾಕುತ್ತಿದ್ದಾಗ ಈ ಪುಣ್ಯಾತ್ಮ ನನ್ನ ಕಿವಿ ಹತ್ತಿರ ಬಗ್ಗಿ, ರೇಡಿಯಾಲಜಿ ಎಷ್ಟು ಒಳ್ಳೆಯ ಬ್ರಾಂಚು ಎಂದು ಶುರು ಮಾಡಿದ. ಎಸಿ ಕೋಣೆ, ತಿರುಗುವ ಕುರ್ಚಿ, ಮಾತಾಡದ ಎಕ್ಸ್‌ರೇ. ಎದ್ದು ಹೋಗೋಣವೆಂದರೆ ಕಾಲು ಬರುವಂತಿರಲಿಲ್ಲ. ಅಂಥ ಕೇಳುಗರು ಅವನಿಗೆ ಮತ್ತೆಲ್ಲೂ ಸಿಕ್ಕಿರಲಿಕ್ಕಿಲ್ಲ.

ಮತ್ತೆ ನೀಟ್ ಪಿಜಿ. ರಜೆ ಕೇಳಬೇಕು, ಕಾರಣ ಹೇಳುವಂತಿಲ್ಲ. 2024ರ ಜೂನ್ 23ರ ಭಾನುವಾರ ಪರೀಕ್ಷೆ. ಅಕ್ಕನ ನಿಶ್ಚಿತಾರ್ಥ ಎಂದು ಬರೆದುಕೊಟ್ಟ. ಅವನಿಗಿರುವ ಅಕ್ಕ ನಾನೊಬ್ಬಳೇ. ಶನಿವಾರ ರಾತ್ರಿ ಪರೀಕ್ಷೆ ಮುಂದಕ್ಕೆ ಹೋಯಿತು. ದೇಶದ ಎರಡು ಲಕ್ಷಕ್ಕೂ ಹೆಚ್ಚು ಡಾಕ್ಟರುಗಳು ಬಸ್ಸು, ರೈಲು, ಲಾಡ್ಜುಗಳಲ್ಲಿ ಕೂತು ಫೋನ್ ನೋಡಿಕೊಂಡರು. ಹೊಸ ದಿನಾಂಕ ಆಗಸ್ಟ್ 11 ಎಂದು ಗೊತ್ತಾದ ಮೇಲೆ ಇವನು ಮತ್ತೆ ಅದೇ ಎಚ್‌ಓಡಿ ಮುಂದೆ ನಿಂತು, ನಿಶ್ಚಿತಾರ್ಥ ಮುಂದಕ್ಕೆ ಹೋಗಿತ್ತು ಸರ್, ಈಗ ಇಟ್ಟುಕೊಂಡಿದ್ದಾರೆ ಎಂದ. ಅವರು ರಜೆಚೀಟಿಗೆ ಸಹಿ ಹಾಕುತ್ತ ಕೇಳಿದರಂತೆ: "ಮೊನ್ನೆ ಸಿಸೇರಿಯನ್ ಆಯ್ತಲ್ಲ, ಆ ಅಕ್ಕನದೇನಪ್ಪಾ?"

ಪರೀಕ್ಷೆಯಲ್ಲಿ 200 ಪ್ರಶ್ನೆ. ಸರಿಯಿದ್ದರೆ ನಾಲ್ಕು ಅಂಕ, ತಪ್ಪಿದರೆ ಒಂದು ಕಟ್. ಅದು ಇವನಿಗೆ ರೂಢಿಯಾಗಿತ್ತು. ಆ ವರ್ಷದ ಹೊಸ ಪದ್ಧತಿಯೇ ಹಿಂಸೆಯಾದದ್ದು: ಐದು ಭಾಗ, ಒಂದೊಂದರಲ್ಲಿ 40 ಪ್ರಶ್ನೆ, 42 ನಿಮಿಷ. ಸಮಯ ಮುಗಿದ ಭಾಗಕ್ಕೆ ವಾಪಸ್ ಹೋಗಿ ಉತ್ತರ ತಿದ್ದುವಂತಿಲ್ಲ. ವಾಪಸ್ ಹೋಗಿ ತಿದ್ದುವುದನ್ನೇ ಬದುಕು ಮಾಡಿಕೊಂಡವನಿಗೆ ಈ ನಿಯಮ ಮಾಡಿದವರು ಯಾರೋ!

ಹಾಗಿದ್ದೂ ರ‍್ಯಾಂಕ್ ಬಂತು. ಆಪ್ಷನ್ ಎಂಟ್ರಿಗೆ ಮನೆಯವರೆಲ್ಲ ಲ್ಯಾಪ್‌ಟಾಪ್ ಸುತ್ತ ಕೂತರು. ಇವನು ಮೊದಲನೆಯದನ್ನು ಏಳನೆಯದಕ್ಕೆ ಇಳಿಸಿ, ಏಳನೆಯದನ್ನು ಮೇಲಕ್ಕೆ ಏರಿಸಿ, ಮತ್ತೆ ಇಳಿಸಿದ. ಕೊನೆಗೆ ಚಿಕ್ಕಮ್ಮ ದೇವರ ಮುಂದೆ ಹೂವಿಟ್ಟು, ಬಲಕ್ಕೆ ಬಿತ್ತು, ಲಾಕ್ ಮಾಡೋ ಎಂದರು. ರೇಡಿಯಾಲಜಿ ಸಿಕ್ಕಿತು. ಈ ಸಲ ಮೈಸೂರುಪಾಕು ಮನೆಯೊಳಗೇ ಹಂಚಿದೆವು.

ಮೊನ್ನೆ ಫೋನ್ ಮಾಡಿದ್ದ. ಕುರ್ಚಿ ಹೇಗಿದೆಯೋ ಎಂದೆ.

"ಕುರ್ಚಿ ಚೆನ್ನಾಗಿದೆ ಅಕ್ಕಾ, ತಿರುಗುತ್ತೆ. ಆದರೆ ಗರ್ಭಿಣಿಯರ ಒಂದೊಂದು ಸ್ಕ್ಯಾನಿಗೂ ಫಾರ್ಮ್ ಎಫ್ ತುಂಬಬೇಕು. 1994ರ ಕಾಯ್ದೆ, ಒಂದು ಕಾಲಂ ಖಾಲಿ ಬಿಟ್ಟರೂ ಕೇಸು. ರಾತ್ರಿಯಿಡೀ ಕ್ಯಾಶುವಾಲಿಟಿಯಿಂದ ತಲೆಗೆ ಪೆಟ್ಟಾದವರ ಸಿಟಿ ಬರ್ತಾನೇ ಇರುತ್ತೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೈಕ್ರೋಬಯಾಲಜಿಯವರು ಸಂಜೆ ಐದಕ್ಕೆ ಮನೆಗೆ ಹೋಗ್ತಾರಂತೆ, ನಿಜವಾ?" ಎಂದ.

"ನನ್ನನ್ನೇನು ಕೇಳ್ತೀಯೋ, ನಾನು ಓದಿದ್ದು ಬಿಕಾಂ" ಎಂದೆ.

"ಬಿಕಾಂನವರಿಗೆ ನೈಟ್ ಡ್ಯೂಟಿ ಇರಲ್ಲ, ಅಲ್ವಾ?"