ರಾಜನ ಉಣ್ಣೆ

"ರಾಜನಿಗೆ ಮೈತುಂಬ ಉಣ್ಣೆ" ಅಂತ ಫೋನಿನಲ್ಲಿ ಗೋಳಾಡಿದರೆ, ಬೆಂಗಳೂರಿನ ಅತ್ತಿಗೆ, "ಪುಣೆ ಚಳಿಗೆ ಒಳ್ಳೆಯದೇ ಆಯ್ತಲ್ಲ!" ಅಂದರು. ಸ್ವೆಟರಲ್ಲ, ನಮ್ಮ ನಾಯಿ ರಾಜನ ರಕ್ತ ಹೀರೋದು ಅಂತ ಬಿಡಿಸಿ ಹೇಳಬೇಕಾಯಿತು. ಇಲ್ಲಿ ಪುಣೆ ಕ್ಯಾಂಪ್ ಬಡಾವಣೆಯ ಮರಾಠಿ ಮಂದಿ ಗೋಚೀಡ್ ಅನ್ನುತ್ತಾರೆ, ಗೊಂದಲವೇ ಇಲ್ಲ.

ಹೆಣ್ಣು ಉಣ್ಣೆ ಹೊಟ್ಟೆ ಬಿರಿಯ ಕುಡಿದು, ಹರಳುಬೀಜದಂತೆ ಊದಿ ಉದುರುತ್ತದೆ. ಆಮೇಲೆ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ. ನಮ್ಮದು ಬ್ರಿಟಿಷರ ಕಾಲದ ಗೋಡೆ, ಬಿರುಕಿಗೇನು ಬರ? ಸಂಸಾರ ಅಷ್ಟು ದೊಡ್ಡದು, ಬಾಡಿಗೆ ಕೊಡುವವನು ನಾನೊಬ್ಬನೇ.

ದಿನಾ ಸಂಜೆ ಚಿಮಟ ಹಿಡಿದು ಕೂರುತ್ತೇನೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ, ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆದು ಸ್ಪಿರಿಟ್ಟಿಗೆ ಹಾಕಬೇಕು. ಬಿಟ್ಟರೆ ಜ್ವರ ಬಂದು ಪ್ಲೇಟ್‌ಲೆಟ್ ಇಳಿಯಬಹುದು. ಲಂಚಕ್ಕೆ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತಿನ ಚೂರು. ಉಣ್ಣೆ ಮುಗಿಯುವುದು ಈಗ ರಾಜನಿಗೇ ಬೇಕಿಲ್ಲ ಅಂತ ನನ್ನ ಗುಮಾನಿ.

"ಜುನ್ನರ್ ಕಡೆ ಕಬ್ಬಿನ ಗದ್ದೆಯಿಂದ ಚಿರತೆ ಬಂದು ನಾಯಿಯನ್ನೇ ಹೊತ್ತೊಯ್ಯುತ್ತೆ, ನೀನು ಉಣ್ಣೆಗೆ ಅಳ್ತೀಯಲ್ಲೋ" ಅಂದರು ಪಕ್ಕದ ಮನೆ ಕಾಕಾ.

"ಚಿರತೆ ನನ್ನ ಗೋಡೆಯಲ್ಲಿ ಮೊಟ್ಟೆ ಇಡಲ್ಲ, ಕಾಕಾ."